ಭೋಪಾಲದ ವಿಷ ಪೂರ್ತಿ ಹೋಗಿಲ್ಲ
‘ಯೂನಿಯನ್ ಕಾರ್ಬೈಡ್ ವಿಷವೆಲ್ಲ ಸುಟ್ಟಾಯಿತು, ಭೋಪಾಲ ಈಗ ಶುದ್ಧ’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಅರ್ಧ ಸತ್ಯ.

2025ರ ಜನವರಿಯಲ್ಲಿ ಮಧ್ಯಪ್ರದೇಶದ್ದೇ ಕೈಗಾರಿಕಾ ಊರಾದ ಪೀಥಂಪುರಕ್ಕೆ ಸಾಗಿಸಿ, ಆಮೇಲೆ ಸುಟ್ಟಿದ್ದು ಸುಮಾರು 337 ಟನ್ ಕಸ. ಅದು ಯೂನಿಯನ್ ಕಾರ್ಬೈಡ್ ಕಾರ್ಖಾನೆಯಲ್ಲಿ ಮೊದಲೇ ಒಟ್ಟುಮಾಡಿ ಇಟ್ಟಿದ್ದ ಕಸ ಅಷ್ಟೇ. 1984ರ ವಿಷಾನಿಲ ದುರಂತಕ್ಕೂ ಮುಂಚಿನಿಂದ ಅಲ್ಲೇ ಸುರಿದದ್ದು ಮಣ್ಣಿಗೆ, ಅಂತರ್ಜಲಕ್ಕೆ ಇಳಿದಿದೆ. 2010ರ ವರದಿಯೊಂದು ಕೆಟ್ಟ ಮಣ್ಣನ್ನೇ ಸುಮಾರು 11 ಲಕ್ಷ ಟನ್ ಎಂದು ಅಂದಾಜಿಸಿತ್ತು. ಎಷ್ಟು ಅಂತರ ನೋಡಿ! ಸುಟ್ಟ ಬೂದಿಯೂ ಮಾಮೂಲಿ ಕಸವಲ್ಲ, ನೀರು ಸೋರದ ಭದ್ರ ಗುಂಡಿಗೇ ಹೋಗಬೇಕು.

ಇಂಥ ಕಲುಷಿತ ಜಾಗಗಳಿಗೆಂದೇ ಕೇಂದ್ರ ಸರ್ಕಾರ 2025ರ ಜುಲೈನಲ್ಲಿ ಪ್ರತ್ಯೇಕ ನಿಯಮ ತಂದಿದೆ. ಗುರುತಿಸುವುದು, ಪರೀಕ್ಷಿಸುವುದು, ಶುದ್ಧ ಮಾಡಿಸುವುದು, ಹಾಳು ಮಾಡಿದವರಿಂದಲೇ ಖರ್ಚು ವಸೂಲಿ ಎಲ್ಲವೂ ಅದರಲ್ಲಿವೆ. ‘ಮುಗಿಯಿತು’ ಅಂತ ನಂಬಿಬಿಟ್ಟರೆ ಈ ಕೆಲಸ ಕೇಳುವವರು ಯಾರು? ದಯವಿಟ್ಟು ಆ ಸಂದೇಶ ಹಂಚಬೇಡಿ.