ಜೆಫ್ರಿಯಾನ್ ಮಾಡಿದ ತಪ್ಪೇನು?

ಕೆನಡಾದ ಮಾಂಟ್ರಿಯಲ್‌ನಲ್ಲಿ ನಾನು ಕಳೆದದ್ದು ಎರಡು ಚಳಿಗಾಲ. ನಾವಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಮಷೀನುಗಳಿದ್ದವು. ಭಾನುವಾರ ಬೆಳಿಗ್ಗೆ ಅಲ್ಲಿ ನನ್ನ ಜೊತೆ ಸರದಿ ಕಾಯುತ್ತಿದ್ದವರು ಮೂರನೇ ಮಹಡಿಯ ಒಬ್ಬ ಹಿರಿಯರು. ವಯಸ್ಸು ಎಪ್ಪತ್ತೈದು ದಾಟಿತ್ತು. ಮನೆಮಾತು ಫ್ರೆಂಚ್, ನನಗೋಸ್ಕರ ಇಂಗ್ಲಿಷ್. ಒಂದು ದಿನ ನಾನು ಐಸ್ ಹಾಕಿ ಬಗ್ಗೆ ಕೇಳಿದ್ದೇ ತಡ, ಮೊರಿಸ್ ರಿಷಾರ್ ಕಥೆ ಶುರುವಾಯಿತು. ಅರ್ಧ ಗಂಟೆ ಬಿಡುವೇ ಇಲ್ಲ. ರಿಷಾರ್ ಹೇಗೆ ಓಡುತ್ತಿದ್ದ, ಬೆನ್ನ ಮೇಲೆ ಎದುರಾಳಿಯನ್ನು ಹೊತ್ತುಕೊಂಡೇ ಹೇಗೆ ಗೋಲು ಹೊಡೆಯುತ್ತಿದ್ದ, ಅವನ ಕಣ್ಣು ಹೇಗೆ ಉರಿಯುತ್ತಿದ್ದವು, ಎಲ್ಲ ಹೇಳಿದರು. ಕೈ ಮಾತ್ರ ಅದರ ಪಾಡಿಗೆ ಟವೆಲ್ ಮಡಚುತ್ತಿತ್ತು.

"ಹಾಗಾದರೆ ಅವನದೇ ತಂಡದ ಜೆಫ್ರಿಯಾನ್?" ಅಂದೆ.

ಮಡಚುತ್ತಿದ್ದ ಟವೆಲ್ ಅರ್ಧಕ್ಕೇ ನಿಂತಿತು. "ನಮ್ಮಣ್ಣ ಅವತ್ತು ಫೋರಂ ಕ್ರೀಡಾಂಗಣದಲ್ಲಿದ್ದ. ಅವನೂ ಕೂಗಿದ," ಅಂದರು. ಅಷ್ಟೇ. ಬುಟ್ಟಿ ಎತ್ತಿಕೊಂಡು ಹೊರಟರು.

ಆ ಒಂದು ಮಾತಿನಿಂದಾಗಿ ನಾನು 1954-55ರ ಮಾಂಟ್ರಿಯಲ್ ಕೆನೇಡಿಯನ್ಸ್ ತಂಡದ ಸೀಸನ್ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಅವತ್ತಿನಿಂದ ಮನಸ್ಸಿನಲ್ಲಿ ಕೂತಿರುವುದನ್ನು ಇವತ್ತು ಬರೆದುಬಿಡುತ್ತೇನೆ.

ಹಾಕಿ ಅಂದ ಕೂಡಲೇ ನಮಗೆ ಕೊಡಗು ನೆನಪಾಗುತ್ತದೆ. ಇದು ಬೇರೆ ಆಟ. ಮಂಜುಗಡ್ಡೆಯ ಮೇಲೆ ಸ್ಕೇಟ್ ಕಟ್ಟಿಕೊಂಡು, ಚೆಂಡಿನ ಬದಲು ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಹೊಡೆಯುವುದು. ಆಗ ಇದರ ದೊಡ್ಡ ವೃತ್ತಿಪರ ಲೀಗ್ ಆದ ಎನ್‌ಎಚ್‌ಎಲ್‌ನಲ್ಲಿ ಇದ್ದದ್ದು ಆರೇ ತಂಡ: ಮಾಂಟ್ರಿಯಲ್, ಟೊರಾಂಟೊ, ಡೆಟ್ರಾಯ್ಟ್, ಬಾಸ್ಟನ್, ನ್ಯೂಯಾರ್ಕ್, ಷಿಕಾಗೊ. ಸೀಸನ್‌ಗೆ 70 ಪಂದ್ಯ. ಆಟಗಾರ ಗೋಲು ಹೊಡೆದರೆ ಒಂದು ಅಂಕ, ಬೇರೆಯವರ ಗೋಲಿಗೆ ಪಾಸ್ ಕೊಟ್ಟರೂ ಒಂದು ಅಂಕ. ಇಡೀ ಸೀಸನ್‌ನಲ್ಲಿ ಅತಿ ಹೆಚ್ಚು ಅಂಕ ಗಳಿಸಿದವನಿಗೆ ಆರ್ಟ್ ರಾಸ್ ಟ್ರೋಫಿ. ಇಷ್ಟು ಗೊತ್ತಿದ್ದರೆ ಸಾಕು.

ಮೊರಿಸ್ ರಿಷಾರ್‌ಗೆ ಜನ ಇಟ್ಟ ಹೆಸರು 'ರಾಕೆಟ್'. 1944-45ರಲ್ಲಿ 50 ಪಂದ್ಯಗಳಲ್ಲಿ 50 ಗೋಲು ಹೊಡೆದವನು. ಅದುವರೆಗೆ ಯಾರೂ ಅದನ್ನು ಮಾಡಿರಲಿಲ್ಲ. ಅಷ್ಟು ದೊಡ್ಡ ಆಟಗಾರನಿಗೆ ಆರ್ಟ್ ರಾಸ್ ಟ್ರೋಫಿ ಮಾತ್ರ ಒಮ್ಮೆಯೂ ದಕ್ಕಿರಲಿಲ್ಲ. 33ನೇ ವಯಸ್ಸಿನಲ್ಲಿ, 1955ರ ಮಾರ್ಚ್‌ನಲ್ಲಿ, ಕೊನೆಗೂ ಅದು ಕೈಗೆ ಸಿಗುವಷ್ಟು ಹತ್ತಿರ ಬಂದಿತ್ತು. ಅಂಕಪಟ್ಟಿಯಲ್ಲಿ ಅವನೇ ಮುಂದೆ. ಹಿಂದೆಯೇ ಇದ್ದವನು ಅವನದೇ ತಂಡದ ಬರ್ನಿ ಜೆಫ್ರಿಯಾನ್. ವಯಸ್ಸು 24, ಹೆಸರು 'ಬೂಮ್ ಬೂಮ್'. ಸ್ಟಿಕ್ ಅನ್ನು ಬೆನ್ನ ಹಿಂದಕ್ಕೆತ್ತಿ ಬೀಸಿ ಹೊಡೆಯುವ ಸ್ಲ್ಯಾಪ್ ಶಾಟ್‌ನಿಂದ ಬಂದ ಹೆಸರದು.

ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದ ಆ ಕಾಲದ ಸ್ಥಿತಿಯನ್ನೂ ಹೇಳಬೇಕು. ಜನಸಂಖ್ಯೆಯಲ್ಲಿ ಫ್ರೆಂಚ್ ಮಾತಾಡುವವರೇ ಹೆಚ್ಚು. ಆದರೆ ಬ್ಯಾಂಕು, ಕಾರ್ಖಾನೆ, ದೊಡ್ಡ ಅಂಗಡಿ, ಮೇಲಿನ ಹುದ್ದೆ ಎಲ್ಲ ಇಂಗ್ಲಿಷ್‌ನವರ ಕೈಯಲ್ಲಿ. ಸ್ವಂತ ಊರಿನಲ್ಲಿ, ಸ್ವಂತ ಭಾಷೆಯಲ್ಲಿ ಕೆಲಸ ಕೇಳಲು ಅಳುಕಬೇಕಾದ ಪರಿಸ್ಥಿತಿ. ಅಂಥ ಜನಕ್ಕೆ ರಿಷಾರ್ ಬರೀ ಆಟಗಾರನಾಗಿರಲಿಲ್ಲ. ಯಾರೇ ಹೊಡೆದರೂ ತಿರುಗಿ ಹೊಡೆಯುತ್ತಿದ್ದ ಅವನು 'ನಮ್ಮವನು' ಆಗಿದ್ದ. ಇದು ನನಗೆ ಅರ್ಥವಾಗುತ್ತದೆ. ಕನ್ನಡದಲ್ಲಿ ಬರೆಯುವ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮಾರ್ಚ್ 13, ಬಾಸ್ಟನ್. ಅಲ್ಲಿನ ಹಾಲ್ ಲೇಕೋ ಎಂಬ ಆಟಗಾರನ ಸ್ಟಿಕ್ ತಗುಲಿ ರಿಷಾರ್ ತಲೆ ಒಡೆಯಿತು, ಐದು ಹೊಲಿಗೆ ಬಿತ್ತು. ರಿಷಾರ್ ಸ್ಟಿಕ್‌ನಿಂದಲೇ ಅವನನ್ನು ಬಾರಿಸಿದ. ರೆಫರಿಗೆ ನೆರವಾಗುವ ಲೈನ್ಸ್‌ಮನ್ ಕ್ಲಿಫ್ ಥಾಂಪ್ಸನ್ ಹಿಡಿದುಕೊಂಡರೆ, ಕೊಸರಿಕೊಂಡು ಥಾಂಪ್ಸನ್‌ಗೇ ಗುದ್ದಿದ. ಮೂರು ತಿಂಗಳ ಹಿಂದಷ್ಟೇ ಟೊರಾಂಟೊದಲ್ಲಿ ಇನ್ನೊಬ್ಬ ಲೈನ್ಸ್‌ಮನ್ ಮುಖಕ್ಕೆ ಕೈಗವಸಿನಿಂದ ಹೊಡೆದು ದಂಡ ಕಟ್ಟಿದ್ದ. ಮಾರ್ಚ್ 16ರಂದು ಲೀಗ್ ಅಧ್ಯಕ್ಷ ಕ್ಲಾರೆನ್ಸ್ ಕ್ಯಾಂಪ್‌ಬೆಲ್ ತೀರ್ಪು ಕೊಟ್ಟರು: ಉಳಿದ ಮೂರು ಲೀಗ್ ಪಂದ್ಯಗಳಿಂದಷ್ಟೇ ಅಲ್ಲ, ಪ್ಲೇಆಫ್‌ನಿಂದಲೂ ರಿಷಾರ್ ಹೊರಗೆ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಲೈನ್ಸ್‌ಮನ್ ಮೇಲೆ ಕೈ ಮಾಡಿದ್ದಕ್ಕೆ ಶಿಕ್ಷೆ ಆಗಲೇಬೇಕಿತ್ತು. ಆದರೆ ಪ್ಲೇಆಫ್ ಪೂರ್ತಿ ಕಿತ್ತುಕೊಂಡದ್ದು ಅತಿಯಾಯಿತು. ಅದಕ್ಕಿಂತ ಅತಿಯಾದದ್ದು ಮರುದಿನ ಕ್ಯಾಂಪ್‌ಬೆಲ್ ಮಾಡಿದ್ದು. ಊರೆಲ್ಲ ಕುದಿಯುತ್ತಿರುವಾಗ, ಬರಬೇಡಿ ಎಂದು ಎಷ್ಟೋ ಜನ ಹೇಳುತ್ತಿರುವಾಗ, ಆ ಮನುಷ್ಯ ಫೋರಂ ಕ್ರೀಡಾಂಗಣಕ್ಕೆ ಬಂದು ತನ್ನ ಎಂದಿನ ಕುರ್ಚಿಯಲ್ಲಿ ಕೂತರು. ಅದನ್ನು ಧೈರ್ಯ ಅನ್ನುವವರಿದ್ದಾರೆ. ನಾನಂತೂ ಅನ್ನುವುದಿಲ್ಲ.

ಮಾರ್ಚ್ 17ರ ಆ ರಾತ್ರಿಯ ಕಥೆ ಎಲ್ಲ ಕಡೆ ಸಿಗುತ್ತದೆ, ಹಾಗಾಗಿ ಬೇಗ ಮುಗಿಸುತ್ತೇನೆ. ಎದುರಾಳಿ ಡೆಟ್ರಾಯ್ಟ್. ಮೊಟ್ಟೆ, ಟೊಮ್ಯಾಟೊ ಕ್ಯಾಂಪ್‌ಬೆಲ್ ಮೇಲೆ ಬಿದ್ದವು. ಕೈ ಕುಲುಕುವವನಂತೆ ಬಂದ ಒಬ್ಬ ಕೆನ್ನೆಗೆ ಬಾರಿಸಿದ. ಅಶ್ರುವಾಯು ಬಾಂಬ್ ಸಿಡಿಯಿತು. ಪಂದ್ಯ ಅಲ್ಲಿಗೇ ರದ್ದು. ಸ್ಕೋರ್ 4-1 ಇತ್ತು, ಗೆಲುವು ಡೆಟ್ರಾಯ್ಟ್ ಪಾಲಾಯಿತು. ಹೊರಗೆ ಬಂದ ಜನ ಸೇಂಟ್ ಕ್ಯಾಥರೀನ್ ರಸ್ತೆಯುದ್ದಕ್ಕೂ ಅಂಗಡಿಗಳ ಗಾಜು ಪುಡಿ ಮಾಡಿದರು. 37 ಜನಕ್ಕೆ ಗಾಯ, ನಷ್ಟ ಸುಮಾರು ಒಂದು ಲಕ್ಷ ಡಾಲರ್. ಮರುದಿನ ರಿಷಾರ್ ರೇಡಿಯೊದಲ್ಲಿ ಮಾತಾಡಿ, ಶಿಕ್ಷೆ ಒಪ್ಪಿಕೊಂಡಿದ್ದೇನೆ, ಮುಂದಿನ ವರ್ಷ ಮರಳಿ ಬರುತ್ತೇನೆ, ಶಾಂತರಾಗಿರಿ ಎಂದು ಕೇಳಿಕೊಂಡ. ಊರು ಶಾಂತವಾಯಿತು. ಕ್ವಿಬೆಕ್‌ನ ಫ್ರೆಂಚರು ಎದ್ದು ನಿಂತ ರಾತ್ರಿ ಅದು, 1960ರ ನಂತರ ಅಲ್ಲಾದ ದೊಡ್ಡ ಬದಲಾವಣೆಗೆ ಮುನ್ನುಡಿ ಅದು ಎಂದು ಎಷ್ಟೋ ಜನ ಬರೆದಿದ್ದಾರೆ. ನಾನು ಅಲ್ಲಗಳೆಯುವುದಿಲ್ಲ.

ಎಲ್ಲರೂ ಕಥೆ ಮುಗಿಸುವುದು ಇಲ್ಲೇ. ನನ್ನ ಮಾತು ಶುರುವಾಗುವುದೂ ಇಲ್ಲಿಂದಲೇ.

ಸೀಸನ್ ಇನ್ನೂ ಮುಗಿದಿರಲಿಲ್ಲ. ವಾರಾಂತ್ಯಕ್ಕೆ ಎರಡು ಪಂದ್ಯ ಬಾಕಿ ಇದ್ದವು. ಶನಿವಾರ ಅದೇ ಫೋರಂನಲ್ಲಿ ನ್ಯೂಯಾರ್ಕ್ ವಿರುದ್ಧ, ಭಾನುವಾರ ಡೆಟ್ರಾಯ್ಟ್‌ನಲ್ಲಿ. ಗಲಾಟೆಯ ರಾತ್ರಿಗೆ ಮೊದಲು ಮಾಂಟ್ರಿಯಲ್ ಮತ್ತು ಡೆಟ್ರಾಯ್ಟ್ ತಂಡಗಳ ಪಟ್ಟಿಯ ಮೊದಲ ಸ್ಥಾನದಲ್ಲಿ ಸಮಸಮ ಇದ್ದವು. ಆ ಪಂದ್ಯ ಕೈಬಿಟ್ಟದ್ದರಿಂದ ಮಾಂಟ್ರಿಯಲ್ ಎರಡು ಅಂಕ ಹಿಂದೆ ಬಿತ್ತು. ಶನಿವಾರ ಗೆಲ್ಲಲೇಬೇಕು. ರಿಷಾರ್ ಇಲ್ಲ. ಹಾಗಾದರೆ ಗೋಲು ಹೊಡೆಯಬೇಕಾದವರು ಯಾರು? ಜೆಫ್ರಿಯಾನ್, ಮತ್ತೆ ತಂಡದ ಇನ್ನೊಬ್ಬ ತಾರೆ ಬೆಲಿವೊ.

ಜೆಫ್ರಿಯಾನ್ ಜಾಗದಲ್ಲಿ ನಿಂತು ಒಮ್ಮೆ ಯೋಚಿಸಿ. ನಿನ್ನೆ ಮೊನ್ನೆ ಈ ಊರು ಹೊತ್ತಿ ಉರಿದದ್ದು ಯಾರಿಗಾಗಿಯೋ, ಅವನ ಟ್ರೋಫಿ ನಿನ್ನ ಸ್ಟಿಕ್‌ನ ತುದಿಯಲ್ಲಿದೆ. ಆಡಿದರೆ ಅವನನ್ನು ದಾಟುತ್ತೀಯ. ಆಡದಿದ್ದರೆ ತಂಡ ಸೋಲುತ್ತದೆ. ಬೇಕೆಂದೇ ಗೋಲು ಹೊಡೆಯದೆ ಇರುವುದು ತನ್ನಿಂದ ಆಗುವಂಥದ್ದಲ್ಲ ಎಂದು ಆತ ಆಮೇಲೆ ಹೇಳಿದ್ದಾನೆ. ಆಡಿದ. ತಂಡ ಗೆದ್ದಿತು. ರಿಷಾರ್‌ನನ್ನು ದಾಟಿದ.

ಫೋರಂ ತುಂಬ ಛೀಮಾರಿ. ಅವನ ಊರಿನವರೇ, ಅವನ ಭಾಷೆಯವರೇ, ಅವನ ತಂಡದ ಅಂಗಿಯನ್ನು ದೇವರ ವಸ್ತ್ರದಂತೆ ಕಾಣುತ್ತಿದ್ದವರೇ, ಸ್ವಂತ ತಂಡಕ್ಕೆ ಗೋಲು ತಂದುಕೊಟ್ಟವನಿಗೆ ಬೂ ಎಂದು ಕೂಗಿದರು.

ಸೀಸನ್ ಮುಗಿದಾಗ ಪಟ್ಟಿ ಹೀಗಿತ್ತು: ಜೆಫ್ರಿಯಾನ್ 75, ರಿಷಾರ್ 74, ಬೆಲಿವೊ 73. ಒಂದೇ ತಂಡದ ಮೂವರು, ಒಂದೊಂದೇ ಅಂಕದ ಅಂತರ. ಇಡೀ ಲೀಗ್‌ನಲ್ಲಿ ಇವರನ್ನು ಮೀರಿಸಿದವರಿಲ್ಲ. ಬೇರೆ ಯಾವ ವರ್ಷವಾದರೂ ಊರಿಗೆ ಊರೇ ಹಬ್ಬ ಮಾಡುತ್ತಿತ್ತು.

ನನ್ನನ್ನು ಇನ್ನೂ ಹೆಚ್ಚು ಕಾಡುವುದು ಈ ಹಿಂದಿನ ಸೀಸನ್‌ನ ಒಂದು ಸಂಗತಿ. ಆಗ ಕ್ಯಾಂಪ್‌ಬೆಲ್ ಕೈಯಲ್ಲಿ ಅಮಾನತಾದವನು ಇದೇ ಜೆಫ್ರಿಯಾನ್. ನ್ಯೂಯಾರ್ಕ್‌ನ ಒಬ್ಬ ಆಟಗಾರನಿಗೆ ಸ್ಟಿಕ್‌ನಿಂದ ಹೊಡೆದಿದ್ದಕ್ಕೆ, ಆ ತಂಡದ ವಿರುದ್ಧ ಉಳಿದ ಎಂಟು ಪಂದ್ಯ ಆಡುವಂತಿಲ್ಲ ಎಂದರು. ಆಗ ಅವನ ಪರವಾಗಿ ಪತ್ರಿಕೆಯಲ್ಲಿ ಬರೆದವನು ಯಾರು ಗೊತ್ತೇ? ರಿಷಾರ್! ತನ್ನ ಅಂಕಣದಲ್ಲಿ ಕ್ಯಾಂಪ್‌ಬೆಲ್‌ರನ್ನು ಸರ್ವಾಧಿಕಾರಿ ಎಂದು ಕರೆದ. ಅದಕ್ಕಾಗಿ ಕ್ಷಮೆ ಕೇಳಬೇಕಾಯಿತು, ಸಾವಿರ ಡಾಲರ್ ಠೇವಣಿ ಇಡಬೇಕಾಯಿತು, ಅಂಕಣವನ್ನೂ ನಿಲ್ಲಿಸಬೇಕಾಯಿತು. ರಿಷಾರ್‌ಗಾಗಿ ಕೂಗಿದವರು ರಿಷಾರ್ ಯಾರಿಗಾಗಿ ತನ್ನ ಅಂಕಣ ಕಳೆದುಕೊಂಡನೋ ಅವನನ್ನೇ ಅವಮಾನಿಸಿದರು. ಆ ಕೂಗಿನ ಹೊತ್ತಿನಲ್ಲಿ ಒಬ್ಬನಿಗಾದರೂ ಇದು ನೆನಪಾಯಿತೇ?

ನಮ್ಮಲ್ಲಿ 'ಅಭಿಮಾನ' ಎಂಬ ಪದ ಇದೆ. ಎಷ್ಟು ದೊಡ್ಡ ಪದ! ಪ್ರೀತಿಯೂ ಅದರಲ್ಲೇ, ಸ್ವಂತದ್ದರ ಬಗೆಗಿನ ಹೆಮ್ಮೆಯೂ ಅದರಲ್ಲೇ. ಅದಕ್ಕೊಂದು 'ದುರ್' ಸೇರಿಸಿದರೆ ಸಾಕು, ಎಲ್ಲಿಗೆ ಬಂದು ನಿಲ್ಲುತ್ತದೆ ನೋಡಿ. ನಮ್ಮ ನಟರ ಅಭಿಮಾನಿಗಳು ಒಬ್ಬರನ್ನೊಬ್ಬರು ಬೈದುಕೊಳ್ಳುವುದನ್ನು ನಾವು ದಿನವೂ ಇದೇ ಫೇಸ್‌ಬುಕ್‌ನಲ್ಲಿ ನೋಡುತ್ತೇವೆ. 2024ರ ಐಪಿಎಲ್‌ನಲ್ಲಿ ರೋಹಿತ್ ಶರ್ಮಾ ಜಾಗಕ್ಕೆ ನಾಯಕನಾಗಿ ಬಂದ ಹಾರ್ದಿಕ್ ಪಾಂಡ್ಯಗೆ ವಾಂಖೆಡೆಯಲ್ಲಿ ಸ್ವಂತ ತಂಡದ ಜನವೇ ಕೂಗಿದ್ದನ್ನು ಟಿವಿಯಲ್ಲಿ ನೋಡುವಾಗ ನನಗೆ ನೆನಪಾದದ್ದು ಆ ನೆಲಮಾಳಿಗೆ, ಅರ್ಧಕ್ಕೇ ನಿಂತ ಆ ಟವೆಲ್.

ಕ್ಯಾಂಪ್‌ಬೆಲ್ ವಿರುದ್ಧ ಜನ ಕೂಗಿದ್ದಕ್ಕೆ ಒಂದು ನ್ಯಾಯ ಇತ್ತು ಎಂದು ನಾನು ಒಪ್ಪುತ್ತೇನೆ. ಜೆಫ್ರಿಯಾನ್‌ಗೆ ಕೂಗಿದ್ದಕ್ಕೆ ಯಾವ ನ್ಯಾಯವೂ ಇಲ್ಲ. ಇವೆರಡೂ ಒಂದೇ ವಾರದಲ್ಲಿ, ಒಂದೇ ಕಟ್ಟಡದಲ್ಲಿ ನಡೆದವು. ಬಹುಶಃ ಅವೇ ಗಂಟಲುಗಳಿಂದಲೂ ಬಂದವು. ಮೊದಲನೆಯದನ್ನು ಇತಿಹಾಸ ಅಂತ ಮಕ್ಕಳಿಗೆ ಹೇಳಿಕೊಟ್ಟು, ಎರಡನೆಯದನ್ನು ಅಡಿಟಿಪ್ಪಣಿಯಲ್ಲಿ ಮುಗಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ದಬ್ಬಾಳಿಕೆಗೆ ಸಿಕ್ಕಿ ನೊಂದ ಜನ ತಮ್ಮವನೊಬ್ಬನನ್ನೇ ಹೇಗೆ ನೋಯಿಸಬಲ್ಲರು ಎಂಬುದೂ ಆ ಇತಿಹಾಸದ ಭಾಗವೇ.

ಭಾನುವಾರ ಡೆಟ್ರಾಯ್ಟ್‌ನಲ್ಲಿ ಮಾಂಟ್ರಿಯಲ್ 6-0ಯಿಂದ ಸೋತಿತು. ಕೊನೆಯ ಲೆಕ್ಕ: ಡೆಟ್ರಾಯ್ಟ್ 95, ಮಾಂಟ್ರಿಯಲ್ 93. ಲೀಗ್‌ನ ಚಾಂಪಿಯನ್ ತಂಡಕ್ಕೆ ಸಿಗುವ ಸ್ಟ್ಯಾನ್ಲಿ ಕಪ್‌ನ ಫೈನಲ್‌ನಲ್ಲಿ ಮತ್ತೆ ಇವೆರಡೇ ತಂಡ. ಏಳು ಪಂದ್ಯ ನಡೆದವು, ಏಳರಲ್ಲೂ ಗೆದ್ದದ್ದು ಆಯಾ ಊರಿನ ತಂಡವೇ. ಮೊದಲ ಸ್ಥಾನ ಪಡೆದಿದ್ದ ಡೆಟ್ರಾಯ್ಟ್‌ಗೆ ಏಳನೇ ಪಂದ್ಯ ತನ್ನ ಊರಿನಲ್ಲೇ ಸಿಕ್ಕಿತು, 3-1ರಿಂದ ಕಪ್ಪೂ ಸಿಕ್ಕಿತು. ಹಾಗಿದ್ದ ಮೇಲೆ ಆ ಶನಿವಾರದ ಒಂದೊಂದು ಗೋಲಿಗೂ ಬೆಲೆ ಎಷ್ಟಿತ್ತು! ಕಪ್ ಬೇಕು ಎಂದು ಹಂಬಲಿಸುತ್ತಿದ್ದ ಜನ, ಕಪ್ ಕಡೆಗೆ ಒಂದು ಹೆಜ್ಜೆ ಇಟ್ಟವನಿಗೇ ಛೀಮಾರಿ ಹಾಕಿದರು.

ಮುಂದಿನ ವರ್ಷದಿಂದ ಸತತ ಐದು ಬಾರಿ ಮಾಂಟ್ರಿಯಲ್ ಕಪ್ ಗೆದ್ದಿತು. ರಿಷಾರ್, ಬೆಲಿವೊ, ಜೆಫ್ರಿಯಾನ್ ಮೂವರೂ ಆ ತಂಡದಲ್ಲಿದ್ದರು. 1960ರಲ್ಲಿ ರಿಷಾರ್ ನಿವೃತ್ತನಾದ. ಆರ್ಟ್ ರಾಸ್ ಟ್ರೋಫಿ ಅವನಿಗೆ ಕೊನೆಗೂ ಸಿಗಲೇ ಇಲ್ಲ, ಮತ್ತು ಅದರ ನೋವು ನನಗೂ ಇದೆ. ಆದರೆ ಅದನ್ನು ಕಿತ್ತುಕೊಂಡವನು ಜೆಫ್ರಿಯಾನ್ ಅಲ್ಲ.

1961ರ ಮಾರ್ಚ್ 16. ಕ್ಯಾಂಪ್‌ಬೆಲ್ ತೀರ್ಪಿಗೆ ಸರಿಯಾಗಿ ಆರು ವರ್ಷ. ಅದೇ ಫೋರಂನಲ್ಲಿ, ಟೊರಾಂಟೊ ವಿರುದ್ಧ, ಜೆಫ್ರಿಯಾನ್ ಆ ಸೀಸನ್‌ನ 50ನೇ ಗೋಲು ಹೊಡೆದ. ರಿಷಾರ್ ಬಿಟ್ಟರೆ ಅದುವರೆಗೆ ಆ ಸಂಖ್ಯೆ ಮುಟ್ಟಿದ ಇನ್ನೊಬ್ಬನಿರಲಿಲ್ಲ. ಇನ್ನೊಂದು ಭಾನುವಾರ, ನಾನು ಕೇಳದೆಯೇ, ಹಿರಿಯರು ಹೇಳಿದರು: ಅವರಣ್ಣ ಅವತ್ತೂ ಟಿಕೆಟ್ ಕೊಂಡು ಹೋಗಿದ್ದನಂತೆ. ಮನೆಗೆ ಬಂದಾಗ ಗಂಟಲು ಕಟ್ಟಿತ್ತಂತೆ. "55ರ ಬಗ್ಗೆ ಮಾತ್ರ ಯಾರಾದರೂ ತೆಗೆದರೆ ಎದ್ದು ಹೋಗುತ್ತಿದ್ದ."

ಫೋರಂ ಈಗ ಸಿನಿಮಾ ಮಂದಿರಗಳಿರುವ ಕಟ್ಟಡ. ಅಟ್‌ವಾಟರ್ ಮೆಟ್ರೊದಿಂದ ಮೇಲೆ ಬಂದರೆ ಎದುರಿಗೇ. ಒಳಗೆ ಹಳೆಯ ಮಂಜುಗಡ್ಡೆ ಅಂಗಳದ ನಡುಭಾಗ ಇದ್ದ ಜಾಗವನ್ನು ನೆಲದ ಮೇಲೆ ಗುರುತು ಮಾಡಿಟ್ಟಿದ್ದಾರೆ. ಊರು ಬಿಡುವ ಮೊದಲು ಒಂದು ಸಂಜೆ ಹೋಗಿ ಅಲ್ಲಿ ನಿಂತೆ. ಶೂಗೆ ಅಂಟಿದ್ದ ಹಿಮ ಕರಗಿ ಆ ಗುರುತಿನ ಮೇಲೆ ಸಣ್ಣಗೆ ನೀರಾಯಿತು. ಪಾಪ್‌ಕಾರ್ನ್ ಹಿಡಿದ ಮಕ್ಕಳು ಓಡಾಡುತ್ತಿದ್ದರು. ಆ ಶನಿವಾರ ಜೆಫ್ರಿಯಾನ್ ಇಲ್ಲೇ ಎಲ್ಲೋ ಸ್ಕೇಟ್ ಮಾಡಿರಬೇಕು, ನಾಲ್ಕೂ ಕಡೆಯಿಂದ ಆ ಸದ್ದು ಅವನ ಮೇಲೆ ಸುರಿದಿರಬೇಕು ಅಂದುಕೊಂಡೆ.

ಜೆಫ್ರಿಯಾನ್ ಹೆಂಡತಿ ಮಾರ್ಲೀನ್. ಆಕೆಯ ತಂದೆ ಹೋವಿ ಮೊರೆಂಜ್, ರಿಷಾರ್‌ಗೂ ಮೊದಲು ಮಾಂಟ್ರಿಯಲ್‌ನ ಕಣ್ಮಣಿಯಾಗಿದ್ದ ಆಟಗಾರ. 1937ರ ಮಾರ್ಚ್ 11ರಂದು ಮೊರೆಂಜ್ ಅಂತ್ಯಕ್ರಿಯೆ ನಡೆದದ್ದು ಫೋರಂನಲ್ಲೇ. 2006ರ ಮಾರ್ಚ್ 11ರಂದು, ಹೊಸ ಕ್ರೀಡಾಂಗಣದಲ್ಲಿ, ಜೆಫ್ರಿಯಾನ್‌ನ 5ನೇ ನಂಬರ್ ಅಂಗಿಗೆ ಶಾಶ್ವತ ಗೌರವ ಕೊಡುವ ಸಮಾರಂಭ ಇಟ್ಟುಕೊಂಡಿದ್ದರು. ಅದೇ ದಿನ ಆತ ಅಟ್ಲಾಂಟಾದಲ್ಲಿ ತೀರಿಕೊಂಡ. ವಯಸ್ಸು 75. ಸಮಾರಂಭ ನಿಲ್ಲಲಿಲ್ಲ, ಮನೆಯವರೆಲ್ಲ ಬಂದಿದ್ದರು. ಚಾವಣಿಯಲ್ಲಿ ತೂಗುತ್ತಿದ್ದ ಮೊರೆಂಜ್‌ನ 7ನೇ ನಂಬರಿನ ಬ್ಯಾನರನ್ನು ಅರ್ಧಕ್ಕೆ ಇಳಿಸಿದರು. ಕೆಳಗಿನಿಂದ 5 ಮೇಲೆ ಬಂತು. ಮಾವನದೂ ಅಳಿಯನದೂ ಎರಡೂ ಜೊತೆಯಾಗಿ ಮೇಲಕ್ಕೆ ಹೋದವು. ಇಡೀ ಕ್ರೀಡಾಂಗಣ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿತ್ತು.