ಅಂಜನಾದ್ರಿಯ ಹಿಂದೆ ಅಷ್ಟು ದೊಡ್ಡ ಚಂದ್ರ ಬರ್ತಾನಾ?

ಹುಣ್ಣಿಮೆ ಬಂತೆಂದರೆ ಕೊಪ್ಪಳ, ಗಂಗಾವತಿ ಕಡೆಯ ವಾಟ್ಸಾಪ್ ಗ್ರೂಪುಗಳಲ್ಲಿ ಇಂಥ ಫೋಟೊ ಓಡಾಡುತ್ತದೆ: ಅಂಜನಾದ್ರಿ ಬೆಟ್ಟ, ತುದಿಯಲ್ಲಿ ಬಿಳಿ ಗುಡಿ, ಅದರ ಹಿಂದೆ ಗುಡಿಗಿಂತ ದೊಡ್ಡ ಚಂದ್ರ. ಕೆಲವರು ಕೈಮುಗಿಯುತ್ತಾರೆ, ಕೆಲವರು ‘ಎಲ್ಲಾ ಎಡಿಟಿಂಗ್ ಬಿಡ್ರಿ’ ಅಂತಾರೆ. ಇಬ್ಬರ ಕಣ್ಣೂ ಚಂದ್ರನ ಗಾತ್ರದ ಮೇಲೆ. ಮೊದಲು ನೋಡಬೇಕಾದದ್ದು ದಿಕ್ಕು.

ನಮ್ಮ ಸೀಮೆ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಇಲ್ಲಿ ಚಂದ್ರ ಹುಟ್ಟುವ ಜಾಗ ನೇರ ಪೂರ್ವದಿಂದ ಆಚೆ ಈಚೆ ಹೆಚ್ಚೆಂದರೆ 30 ಡಿಗ್ರಿ ಸರಿಯುತ್ತದೆ. ಮುಳುಗುವಾಗ ಪಶ್ಚಿಮದಲ್ಲೂ ಅಷ್ಟೇ. ಹಂಪಿಯ ಮಾತಂಗ ಪರ್ವತದ ಮೇಲೆ ನಿಂತರೆ ಅಂಜನಾದ್ರಿ ಹೊಳೆಯಾಚೆ, ಹೆಚ್ಚುಕಡಿಮೆ ಉತ್ತರಕ್ಕಿದೆ. ಅಲ್ಲಿಂದ ತೆಗೆದದ್ದು ಅಂತ ಹೇಳಿ ಗುಡಿಯ ಬೆನ್ನಿಗೆ ಚಂದ್ರನನ್ನು ತೋರಿಸಿದರೆ ಆ ಫೋಟೊ ಸುಳ್ಳು. ಲೆನ್ಸ್ ಎಷ್ಟು ಲಕ್ಷದ್ದಾದರೂ ಸುಳ್ಳೇ. ಬೆಟ್ಟದ ಪಶ್ಚಿಮಕ್ಕಿರುವ ಸಾಣಾಪುರದ ಕಡೆಯಿಂದ ಪೂರ್ವಕ್ಕೆ ತಿರುಗಿ ತೆಗೆದದ್ದಾದರೆ ಚಂದ್ರೋದಯ ಸಿಗಬಹುದು. ಪೂರ್ವಕ್ಕಿರುವ ಆನೆಗೊಂದಿಯ ಕಡೆಯಿಂದ ಬೆಳಗಿನ ಜಾವದ ಚಂದ್ರಾಸ್ತ.

ಇನ್ನು ಗಾತ್ರ. ಚಂದ್ರ ಆಕಾಶದಲ್ಲಿ ಅರ್ಧ ಡಿಗ್ರಿಯಷ್ಟೇ ಅಗಲ. ಅಂದರೆ 10 ಮೀಟರ್ ಅಗಲದ ಬಂಡೆಯನ್ನು ಸುಮಾರು 1,100 ಮೀಟರ್ ದೂರದಿಂದ ನೋಡಿದರೆ ಅದು ಚಂದ್ರನಷ್ಟೇ ಕಾಣುತ್ತದೆ, 3 ಕಿ.ಮೀ. ದೂರದಿಂದ ನೋಡಿದರೆ 27 ಮೀಟರ್ ಅಗಲದ್ದೂ ಅಷ್ಟೇ ಆಗುತ್ತದೆ. ಹಾಗಾಗಿ ದೂರ ಹೋಗಿ ದೂರದ್ದನ್ನು ಹತ್ತಿರಕ್ಕೆ ತರುವ 600 ಎಂ.ಎಂ. ಲೆನ್ಸ್ ಹಾಕಿದವರಿಗೆ ಗುಡಿಗಿಂತ ದೊಡ್ಡ ಚಂದ್ರ ಸಿಗುವುದು ಸಹಜ. ‘ಇಷ್ಟು ದೊಡ್ಡದಾ?’ ಅನ್ನುವುದೊಂದೇ ಕಾರಣಕ್ಕೆ ಅಂಥವರನ್ನು ಸುಳ್ಳುಗಾರರೆಂದು ಹೀಯಾಳಿಸುವುದು ಅನ್ಯಾಯ. ಆದರೆ ಅದೇ ಚೌಕಟ್ಟಿನಲ್ಲಿ ಹೊಳೆ, ಭತ್ತದ ಗದ್ದೆ, ಇಡೀ ಬಂಡೆಗುಡ್ಡಗಳ ಸಾಲು ಎಲ್ಲ ಇದ್ದರೆ ಅದು ವೈಡ್ ಲೆನ್ಸ್, ಅಂದರೆ ಅಗಲ ನೋಟವನ್ನು ಹಿಡಿಯುವಂಥದ್ದು. ಫುಲ್ ಫ್ರೇಮ್ (36 ಎಂ.ಎಂ. ಅಗಲದ ಸೆನ್ಸರ್ ಇರುವ) ಕ್ಯಾಮೆರಾದಲ್ಲಿ 24 ಎಂ.ಎಂ. ಲೆನ್ಸ್ ಹಾಕಿದರೆ ಚಿತ್ರದ ಅಗಲಕ್ಕೆ 160ಕ್ಕೂ ಹೆಚ್ಚು ಚಂದ್ರರನ್ನು ಜೋಡಿಸಬಹುದು. ಅಲ್ಲಿ ಚಂದ್ರ ಒಂದು ಚುಕ್ಕಿ.

ಚಂದ್ರನ ಮೈಮೇಲಿನ ಕಲೆಗಳನ್ನೂ ನೋಡಿ. ಅಂಚಿನ ಹತ್ತಿರ ಉಳಿದ ಕಲೆಗಳಿಂದ ಬೇರೆಯಾಗಿ ಪುಟ್ಟ ಮೊಟ್ಟೆಯಾಕಾರದ ಒಂದು ಕಪ್ಪು ಕಲೆ ಇದೆ. ನಮ್ಮಲ್ಲಿ ಚಂದ್ರ ಹುಟ್ಟುವಾಗ ಅದು ಮೇಲ್ತುದಿಯ ಕಡೆ ಇರುತ್ತದೆ, ಮುಳುಗುವಾಗ ಕೆಳತುದಿಗೆ ಬರುತ್ತದೆ. ನೆಟ್ಟಿನಿಂದ ಚಂದ್ರನನ್ನು ತಂದು ಅಂಟಿಸುವವರು ಎಷ್ಟೋ ಸಲ ಇದನ್ನು ಗಮನಿಸುವುದಿಲ್ಲ. ‘ಸಂಜೆ ಚಂದ್ರೋದಯ’ ಅಂತ ಬರೆದ ಫೋಟೊದಲ್ಲಿ ಆ ಕಲೆ ಕೆಳಗಿದ್ದರೆ ಅನುಮಾನ ಪಡಿ.

ಬೆಳಕಿನದೂ ಒಂದು ಲೆಕ್ಕವಿದೆ. ಐಎಸ್ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) 100, ಎಫ್/11 (ಲೆನ್ಸಿನ ಕಿಂಡಿಯ ಅಳತೆ), ಸೆಕೆಂಡಿನ ನೂರನೇ ಒಂದು ಭಾಗ: ಎತ್ತರಕ್ಕೇರಿದ ಹುಣ್ಣಿಮೆ ಚಂದ್ರನ ಕಲೆ ಸ್ಪಷ್ಟವಾಗಿ ಬರಲು ಇಷ್ಟು ಸಾಕು. ಕತ್ತಲಾದ ಮೇಲೆ ಇದೇ ಸೆಟ್ಟಿಂಗಿಗೆ ಬಂಡೆ ಬರೀ ಕಪ್ಪಾಗುತ್ತದೆ. ಎರಡೂ ಒಂದೇ ಕ್ಲಿಕ್ಕಿನಲ್ಲಿ ಸಿಗುವುದು ಸೂರ್ಯ ಮುಳುಗುವ ಇಲ್ಲವೇ ಹುಟ್ಟುವ ಆಸುಪಾಸಿನ ಕೆಲವೇ ನಿಮಿಷ. ಅದಕ್ಕೇ ತಿಳಿದವರು ಹುಣ್ಣಿಮೆಯ ಹಿಂದಿನ ಸಂಜೆಯೂ ಕಾಯುತ್ತಾರೆ, ಅವತ್ತು ಬೆಳಕಿರುವಾಗಲೇ ಚಂದ್ರ ಹುಟ್ಟಿರುತ್ತಾನೆ. ಕಪ್ಪು ಆಕಾಶ, ಸ್ಪಷ್ಟ ಕಲೆ, ಬೆಳಗಿದ ಮೆಟ್ಟಿಲು ಮೂರೂ ಇದ್ದರೆ ಎರಡು ಫೋಟೊ ಸೇರಿಸಿರಬಹುದು. ಸೇರಿಸುವುದು ತಪ್ಪಲ್ಲ, ‘ಕಾಂಪೋಸಿಟ್’ ಅಂತ ಬರೆಯದಿರುವುದು ತಪ್ಪು. ಚಂದ್ರನ ಹಿಂದೆ ಮೋಡ ಹಾದುಹೋಗಿದ್ದರಂತೂ ಮಾತೇ ಬೇಡ.

ವಾಟ್ಸಾಪ್‌ನಲ್ಲಿ ಫೋಟೊವಾಗಿ ಬಂದದ್ದರಲ್ಲಿ ಕ್ಯಾಮೆರಾದ ಮಾಹಿತಿ ಅಳಿಸಿಹೋಗಿರುತ್ತದೆ, ಅಲ್ಲಿ ಹುಡುಕಬೇಡಿ. ತೆಗೆದವರ ಹತ್ತಿರ ಅದರ ಹಿಂದಿನ, ಮುಂದಿನ ಫ್ರೇಮ್ ಕೇಳಿ. ಎರಡೇ ನಿಮಿಷಕ್ಕೆ ಚಂದ್ರ ತನ್ನ ಅಗಲದಷ್ಟು ಸರಿಯುತ್ತಾನೆ. ನಿಜವಾಗಿ ಕಾದು ತೆಗೆದವರ ಕಾರ್ಡಿನಲ್ಲಿ ಗುಡಿಯ ಪಕ್ಕದಿಂದ ಇಂಚಿಂಚೇ ಏರುವ ಚಂದ್ರನ ಹತ್ತಾರು ಫ್ರೇಮ್ ಇದ್ದೇ ಇರುತ್ತವೆ.