ದಯಮಾಡಿ ಕುಳಿತುಕೊಳ್ಳಿ

ಕಳೆದ ಭಾನುವಾರ ವಿಧೇಯತೆಯ ದೆಸೆಯಿಂದ ನನಗೆ ಬಂಗುಡೆ ತಪ್ಪಿತು. ನಮ್ಮ ಇಗರ್ಜಿಯಲ್ಲಿ, ಅಂದರೆ ಚರ್ಚಿನಲ್ಲಿ, ಏಳೂವರೆಯ ಬಲಿಪೂಜೆ ಮುಗಿಯುವ ಹೊತ್ತಿಗೆ ಮೀನು ಮಾರುವವನು ಸ್ಕೂಟರಿನ ಹಿಂದೆ ಪೆಟ್ಟಿಗೆ ಕಟ್ಟಿಕೊಂಡು ಗೇಟಿನ ಹೊರಗಿನ ಗೋಳಿಮರದ ಬುಡಕ್ಕೆ ಬಂದು ನಿಲ್ಲುತ್ತಾನೆ. ಪರಮಪ್ರಸಾದ ಸ್ವೀಕರಿಸಿ, ಮುಗಿದ ಕೈ ಬಿಡದೆಯೇ ಪಕ್ಕದ ಬಾಗಿಲಿನಿಂದ ಜಾರಿಕೊಂಡವರಿಗೆ ಕಣ್ಣು ಹೊಳೆಯುವ ಬಂಗುಡೆ ಸಿಗುತ್ತದೆ. ಕೊನೆಯ ಆಶೀರ್ವಾದದವರೆಗೆ ಕಾದವರಿಗೆ ಹೊಟ್ಟೆ ಒಡೆದ ಬೂತಾಯಿ ಉಳಿದಿರುತ್ತದೆ. ನಾನು ಕಾದವರ ಪೈಕಿ. ಪರಮಪ್ರಸಾದದ ನಂತರದ ಪ್ರಾರ್ಥನೆ ಮುಗಿದು, ಇನ್ನೇನು ಆಶೀರ್ವಾದಕ್ಕೆ ಕೈ ಎತ್ತುತ್ತಾರೆ ಎನ್ನುವಾಗ ಇಗರ್ಜಿಯ ಮುಖ್ಯ ಗುರುಗಳಾದ ವಿಗಾರರು ‘ದಯಮಾಡಿ ಕುಳಿತುಕೊಳ್ಳಿ’ ಎಂದರು, ಪುಸ್ತಕದೊಳಗಿಂದ ನಾಲ್ಕಾಗಿ ಮಡಚಿದ ಕಾಗದವೊಂದನ್ನು ತೆಗೆದರು, ಅದನ್ನು ಒಂದೊಂದೇ ಮಡಿಕೆ ಬಿಡಿಸಿ ಅಂಗೈಯಿಂದ ಸವರಿ ನೇರ ಮಾಡಿದರು. ಅಲ್ಲಿಂದ ಮುಂದೆ ಇಪ್ಪತ್ತೊಂದು ನಿಮಿಷ ಪ್ರಕಟಣೆಗಳು. ಅದೇ ದಿನದ ಪ್ರವಚನಕ್ಕೆ ಹಿಡಿದದ್ದು ಹನ್ನೆರಡು ನಿಮಿಷ. ಮೂವತ್ತೊಂದು ವರ್ಷ ಸಹಕಾರಿ ಸಂಘದಲ್ಲಿ ಲೆಕ್ಕ ಬರೆದವನಿಗೆ ಲೆಕ್ಕವಿಡುವ ಚಾಳಿ ಗುಂಡಿಗೆ ಇಳಿಸುವವರೆಗೂ ಹೋಗುವುದಿಲ್ಲ.

ಶಾಸ್ತ್ರ ನನ್ನ ಪಕ್ಷದಲ್ಲಿದೆ. ಬಲಿಪೂಜೆಯನ್ನು ಹೇಗೆ ನಡೆಸಬೇಕೆಂದು ರೋಮಿನವರು ಬರೆದಿಟ್ಟ ಸೂಚನೆಗಳಲ್ಲಿ ಪ್ರಕಟಣೆಗೂ ಒಂದು ಸ್ಥಾನವಿದೆ, ನಿಜ. ಆದರೆ ಅದಕ್ಕೆ ಎರಡು ಷರತ್ತುಗಳನ್ನು ಹಾಕಿದ್ದಾರೆ. ಅಗತ್ಯವಿದ್ದರೆ ಮಾತ್ರ ಹೇಳಬೇಕು, ಹೇಳುವುದನ್ನು ಸಂಕ್ಷಿಪ್ತವಾಗಿ ಹೇಳಬೇಕು. ಮೊದಲನೆಯ ಷರತ್ತನ್ನು ನಮ್ಮ ಊರಿನಲ್ಲಿ ಯಾರೂ ಮೀರಿಲ್ಲ, ಏಕೆಂದರೆ ಇಲ್ಲಿ ಎಲ್ಲವೂ ಅಗತ್ಯವೇ. ಎರಡನೆಯದನ್ನು ಪಾಲಿಸಿದವರು ನನಗೆ ಕಂಡದ್ದು ಒಬ್ಬರೇ. ಲ್ಯಾಟಿನ್ ಬಲಿಪೂಜೆಯ ಕೊನೆಯಲ್ಲಿ ಜನರನ್ನು ಬೀಳ್ಕೊಡುವಾಗ ‘ಇತೆ, ಮಿಸ್ಸಾ ಎಸ್ತ್’ ಎನ್ನುತ್ತಿದ್ದರು. ಆ ಬೀಳ್ಕೊಡುಗೆಯ ‘ಮಿಸ್ಸಾ’ ಎಂಬ ಮಾತೇ ಇಡೀ ಪೂಜೆಗೆ ಹೆಸರಾಗಿ, ಪೋರ್ಚುಗೀಸರ ಬಾಯಿಂದ ನಮ್ಮ ಕೊಂಕಣಿಗೆ ‘ಮೀಸ್’ ಆಗಿ ಬಂದಿದೆ. ಹೀಗೆ ಪೂಜೆಗೆ ಹೆಸರು ಕೊಟ್ಟ ಮಾತಿಗೂ ನಮಗೂ ನಡುವೆ ಪ್ರತಿ ಭಾನುವಾರ ನಾಲ್ಕಾಗಿ ಮಡಚಿದ ಆ ಕಾಗದ ಅಡ್ಡ ನಿಲ್ಲುತ್ತದೆ. ನನ್ನ ಅಜ್ಜಿಯನ್ನು ಕೇಳಿದ್ದರೆ ಅವರು ಬೇರೆಯೇ ಹೇಳುತ್ತಿದ್ದರು. ಅವರ ಕಾಲದಲ್ಲಿ ಪೂಜೆಯೆಲ್ಲ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದುದರಿಂದ ಅವರಿಗೆ ಅರ್ಥವಾಗುತ್ತಿದ್ದದ್ದು ಪ್ರವಚನ ಮತ್ತು ಪ್ರಕಟಣೆ, ಎರಡೇ. ಅವೆರಡರಲ್ಲಿ ಮನೆಗೆ ಬಂದು ಮತ್ತೊಬ್ಬರಿಗೆ ಹೇಳುವಂತಿದ್ದದ್ದು ಪ್ರಕಟಣೆ ಮಾತ್ರ.

ಕಾಗದದಲ್ಲಿ ಏನಿರುತ್ತದೆಂದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಯಾವ ವಾಳೆಯ (ಇಗರ್ಜಿಗೆ ಸೇರಿದ ನೆರೆಹೊರೆಯ ಮನೆಗಳ ಗುಂಪಿನ) ಸಭೆ ಯಾರ ಮನೆಯಲ್ಲಿ, ಇಗರ್ಜಿ ಗುಡಿಸುವ ಸರದಿ ಯಾವ ವಾಳೆಯದು, ಸಂತ ವಿನ್ಸೆಂಟ್ ದೆ ಪೌಲ್ ಸಭೆಯವರು ಬಡವರಿಗಾಗಿ ಬಾಗಿಲಲ್ಲಿ ಡಬ್ಬಿ ಹಿಡಿಯುವುದು ಎಂದು, ಕಥೋಲಿಕ್ ಸಭಾದ ರಕ್ತದಾನ ಶಿಬಿರ ಎಷ್ಟು ಗಂಟೆಗೆ, ಸ್ತ್ರೀ ಸಂಘಟನೆಯವರ ತಿಂಡಿ ಮಾರಾಟ ಎಲ್ಲಿ ಇತ್ಯಾದಿ. ಇವುಗಳ ಮೇಲೆ ನನಗೆ ದೂರಿಲ್ಲ. ನನ್ನ ಸಿಟ್ಟೆಲ್ಲ ವಂದನಾರ್ಪಣೆಯ ಮೇಲೆ. ಕುರ್ಚಿ ಕೊಟ್ಟವರು, ಕುರ್ಚಿ ಹೊತ್ತವರು, ಕುರ್ಚಿ ಹೊರಲು ವಾಹನ ಕೊಟ್ಟವರು ಎಂದು ಹೆಸರು ಹಿಡಿದು ಕೃತಜ್ಞತೆ ಸಲ್ಲಿಸಲು ಆರಂಭಿಸಿದರೆ ಯಾರೋ ಒಬ್ಬರ ಹೆಸರು ಬಿಟ್ಟುಹೋಗುವುದು ಖಂಡಿತ; ಹಾಗೆ ಬಿಟ್ಟುಹೋದವರು ಮುಂದಿನ ಹಬ್ಬಕ್ಕೆ ಕುರ್ಚಿ ಮುಟ್ಟುವುದಿಲ್ಲ ಎಂಬುದೂ ಅಷ್ಟೇ ಖಂಡಿತ. ಪ್ರತಿ ಹೆಸರಿಗೂ ಚಪ್ಪಾಳೆ ಬೇರೆ. ದೇವರ ಮನೆಯಲ್ಲಿ ಚಪ್ಪಾಳೆ ತಟ್ಟುವುದನ್ನು ಯಾರು ಕಲಿಸಿದರೋ ಅವರು ನನಗೆ ಎಂದಾದರೂ ಸಿಗಬೇಕು.

ಇರಲಿ. ಪ್ರಕಟಣೆ ಎಂದಾಗಲೆಲ್ಲ ನನಗೆ ನೆನಪಾಗುವುದು ಸೌಟಿನ ಪ್ರಕರಣ.

ಕೆಲವು ವರ್ಷಗಳ ಹಿಂದೆ ಸೆಪ್ಟೆಂಬರ್ 8ರ ಮೊಂತಿ ಫೆಸ್ತ್ ದಿನ, ಅಂದರೆ ಮಾತೆ ಮರಿಯಳ ಹುಟ್ಟುಹಬ್ಬವೂ ತೆನೆಹಬ್ಬವೂ ಆದ ದಿನ, ನಮ್ಮಲ್ಲಿ ಸಮುದಾಯದ ಊಟವಿತ್ತು. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಎರಚಿದ್ದರು, ಹೊಸ ತೆನೆಯ ಆಶೀರ್ವಾದವಾಗಿತ್ತು, ಕಬ್ಬು ಹಂಚುವಾಗ ಎಂದಿನಂತೆ ನೂಕುನುಗ್ಗಲಾಗಿ ಯಾರದೋ ಕನ್ನಡಕ ಮುರಿದಿತ್ತು. ಊಟ ಸಸ್ಯಾಹಾರ, ಬಾಳೆಎಲೆಯ ಮೇಲೆ. ಕೊನೆಯಲ್ಲಿ ವೊರ್ನ್, ಅಂದರೆ ಹೆಸರುಬೇಳೆ, ಬೆಲ್ಲ, ತೆಂಗಿನ ಹಾಲಿನ ಪಾಯಸ. ಅದನ್ನು ಕಡಾಯಿಯಲ್ಲಿ ತಿರುವಲಿಕ್ಕೂ ಬಕೆಟಿಗೆ ಬಗ್ಗಿಸಲಿಕ್ಕೂ ಇದ್ದದ್ದು ಒಂದೇ ಸೌಟು. ಹಿತ್ತಾಳೆಯದು, ತೋಳುದ್ದ, ಹಿಡಿಯ ಮೇಲೆ ‘ಸಾಂ ಜುಜೆ ವಾಳೆ 1974’ ಎಂದು ಕೊರೆದ ಅಕ್ಷರಗಳು ಕೈ ಸವೆದು ಸವೆದು ಓದುವುದಕ್ಕಿಂತ ಹೆಚ್ಚಾಗಿ ಬೆರಳಿಗೆ ತಾಗುತ್ತಿದ್ದವು. ಒಂದು ಸಲ ಅದ್ದಿ ಎತ್ತಿದರೆ ಸಣ್ಣ ಬಕೆಟಿನ ಕಾಲುಭಾಗ ತುಂಬುತ್ತಿತ್ತು. ಸಂಜೆ ಹೆಂಗಸರು ಸಭಾಭವನದ ಹಿಂದೆ ಪಾತ್ರೆ ತೊಳೆದು ಎಣಿಸಿದಾಗ ಹಂಡೆ, ಕೊಳಗ, ಕಡಾಯಿ, ಬಕೆಟ್ ಎಲ್ಲವೂ ಇದ್ದವು. ಸೌಟು ಇರಲಿಲ್ಲ.

ಮೊದಲ ಭಾನುವಾರದ ಪ್ರಕಟಣೆ ಹೀಗಿತ್ತು: ‘ಹಬ್ಬದ ಊಟಕ್ಕೆ ಬಳಸಿದ ಹಿತ್ತಾಳೆಯ ಸೌಟು ಕಾಣಿಸುತ್ತಿಲ್ಲ, ಕಂಡವರು ತಿಳಿಸಬೇಕು.’ ಎರಡನೆಯ ಭಾನುವಾರ: ‘ಯಾರದಾದರೂ ಮನೆಯ ಪಾತ್ರೆಗಳೊಂದಿಗೆ ಸೌಟು ತಪ್ಪಿ ಹೋಗಿದ್ದರೆ ದಯವಿಟ್ಟು ಮರಳಿಸಬೇಕು.’ ಮೂರನೆಯ ಭಾನುವಾರ: ‘ಸೌಟನ್ನು ಕೊಂಡುಹೋದವರು ಹಿಂದಕ್ಕೆ ತಂದುಕೊಡಬೇಕು.’ ಕೊಂಕಣಿಯಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ಇಳಿಸಿದ್ದೇನೆ. ವ್ಯಾಕರಣದ ಏರಿಕೆ ಎರಡರಲ್ಲೂ ಒಂದೇ. ಮೊದಲ ವಾರ ತಾನಾಗಿ ಕಾಣೆಯಾಗಿದ್ದ ಸೌಟು ಎರಡನೆಯ ವಾರ ತಪ್ಪಿ ಹೋಯಿತು, ಮೂರನೆಯ ವಾರಕ್ಕೆ ಅದಕ್ಕೊಬ್ಬ ಕರ್ತೃ ಹುಟ್ಟಿಕೊಂಡ. ಕರ್ತೃ ಎಂದೊಡನೆ ಹಲವು ಕತ್ತುಗಳು ಬಲಗಡೆಯ ನಾಲ್ಕನೆಯ ಬೆಂಚಿನತ್ತ ತಿರುಗಿದವು. ಅಲ್ಲಿ ಕುಳಿತಿದ್ದವನು ನಾನು. ಕೊನೆಯ ಪಂಕ್ತಿಗೆ ಕಡಾಯಿಯಿಂದ ವೊರ್ನ್ ಬಗ್ಗಿಸಿದವನು ನಾನೇ ಎಂಬುದು ಊರಿಗೆಲ್ಲ ಗೊತ್ತಿತ್ತು, ಏಕೆಂದರೆ ಆ ಪಂಕ್ತಿಯಲ್ಲಿ ಹಲವರಿಗೆ ವೊರ್ನ್ ಸಾಕಾಗಿರಲಿಲ್ಲ.

ಅದೇ ಮೂರು ಭಾನುವಾರಗಳಲ್ಲಿ ನಮ್ಮ ನೆರೆಮನೆಯ ಹುಡುಗಿಯ ಮದುವೆಯ ಪ್ರಕಟಣೆಯೂ ನಡೆಯಿತು. ಈ ವಿವಾಹಕ್ಕೆ ಅಡ್ಡಿಯಿರುವುದನ್ನು ಬಲ್ಲವರು ತಿಳಿಸಬೇಕೆಂದು ಮೊದಲೇ ಸಾರಬೇಕೆಂಬ ನಿಯಮವನ್ನು 1215ರ ಲ್ಯಾಟರನ್ ಮಹಾಸಭೆ ಇಡೀ ಧರ್ಮಸಭೆಗೆ ವಿಧಿಸಿತು. ಮೂರು ಸಲ ಸಾರಬೇಕೆಂದು 1563ರಲ್ಲಿ ಟ್ರೆಂಟ್ ಮಹಾಸಭೆ ಗೊತ್ತುಪಡಿಸಿತು. ಇಬ್ಬರು ಮನುಷ್ಯರನ್ನು ಜೀವನಪೂರ್ತಿ ಕಟ್ಟಿಹಾಕಲು ಮೂರು ಪ್ರಕಟಣೆ ಸಾಕು ಎಂದಿರುವಾಗ ಒಂದು ಸೌಟಿಗೆ ಎಷ್ಟು ಬೇಕು? ನಮ್ಮಲ್ಲಿ ಏಳು ಬೇಕಾದವು.

ಅಷ್ಟರಲ್ಲಿ ಅಕ್ಟೋಬರ್ ಬಂತು. ಜಪಸರದ ತಿಂಗಳು, ವಾಳೆಯವರೆಲ್ಲ ಸಂಜೆ ಮನೆಯಿಂದ ಮನೆಗೆ ಹೋಗಿ ಜಪಸರ ಮಾಡುವ ಕಾಲ. ಜಪಸರ ಮುಗಿದು ಚಹಾ ಬರುವವರೆಗಿನ ಹೊತ್ತನ್ನು ಆ ವರ್ಷ ಪ್ರತಿ ಮನೆಯಲ್ಲೂ ಸೌಟಿಗೇ ಮೀಸಲಿಟ್ಟರು. ನಮ್ಮ ವಾಳೆಯ ಹಿರಿಯ ಬಾಯಮ್ಮ ಮಂಗಳವಾರ ಸಂತ ಅಂತೋನಿಯವರಿಗೆ ಮೇಣದಬತ್ತಿ ಹೊತ್ತಿಸಿ ಬಂದಿದ್ದೇನೆ ಎಂದರು. ಸಂತ ಅಂತೋನಿಯವರ ಹೆಸರಿನಲ್ಲಿ ಹೇಳುವ ಕಥೆಯಲ್ಲಿ ಕಳೆದುಹೋದದ್ದು ಕೀರ್ತನೆಗಳ ಪುಸ್ತಕ, ಮಠ ಬಿಟ್ಟು ಓಡಿದ ಹುಡುಗನೊಬ್ಬ ಅದನ್ನು ಒಯ್ದಿದ್ದ, ಪಾತ್ರೆಪಗಡಿಯ ವಿಚಾರ ಅದರಲ್ಲಿಲ್ಲ ಎಂದು ನಾನು ತಿದ್ದಲು ಹೋದೆ. ‘ಪುಸ್ತಕ ತರಿಸಿದವರಿಗೆ ಸೌಟು ದೊಡ್ಡದಾ ಪುತಾ?’ ಎಂದು ಕೇಳಿದ ಅವರು ನನ್ನನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು.

ಐದನೆಯ ಭಾನುವಾರ ವಿಗಾರರು ಕರುಣೆಯ ದಾರಿ ಹಿಡಿದರು. ಯಾರೂ ಯಾರನ್ನೂ ಕೇಳುವುದಿಲ್ಲ, ರಾತ್ರಿ ಕತ್ತಲಾದ ಮೇಲೆ ಕಚೇರಿಯ ಜಗುಲಿಯಲ್ಲಿ ಇಟ್ಟು ಹೋದರೆ ಸಾಕು, ಅಲ್ಲಿಯ ದೀಪವನ್ನೂ ಆರಿಸಿರುತ್ತೇವೆ ಎಂದರು. ಮರುದಿನ ಬೆಳಗಿನ ಗಂಟೆ ಬಾರಿಸಲು ಬಂದವನು ಕತ್ತಲಲ್ಲಿ ಎಡವಿ ಬಿದ್ದ. ಜಗುಲಿಯ ಮೇಲೆ ಎರಡು ಅಲ್ಯೂಮಿನಿಯಂ ಸೌಟು, ಒಂದು ಚಿಪ್ಪಿನ ಸೌಟು, ಒಂದು ತುರಿಮಣೆ, ಮೂತಿ ನೆಗ್ಗಿದ ಚಹಾದ ಕಿಟ್ಲಿ, ಸುತ್ತಿಟ್ಟ ಜಮಖಾನೆ, ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಊರಿನ ಯುವಕ ಮಂಡಲದ ಹೆಸರಿದ್ದ ಒಂದು ಕೊಳಗ ಮತ್ತು ಮೂರು ಗಾಯನ ಪುಸ್ತಕಗಳು ಇದ್ದವು. ಹಿತ್ತಾಳೆಯ ಸೌಟೊಂದು ಬಿಟ್ಟು, ಐವತ್ತು ವರ್ಷಗಳಲ್ಲಿ ಕಳೆದದ್ದೆಲ್ಲ ಒಂದೇ ರಾತ್ರಿಯಲ್ಲಿ ಬಂದಂತಿತ್ತು. ಯುವಕ ಮಂಡಲದ ಕೊಳಗ ನಮ್ಮಲ್ಲಿಗೆ ಬಂದದ್ದು ಹೇಗೆಂದು ಯಾರಿಗೂ ತಿಳಿಯದೆ, ಅದನ್ನು ಮರಳಿಸಲು ಒಂದು ನಿಯೋಗವನ್ನೇ ಕಳುಹಿಸಬೇಕಾಯಿತು. ಗಾಯನ ಪುಸ್ತಕಗಳಲ್ಲಿ ಒಂದರ ವಿಷಯವಾಗಿ ನಾನು ಹೆಚ್ಚು ಮಾತನಾಡಲಾರೆ. ಅದನ್ನು ಮನೆಗೆ ತಂದದ್ದು ಹಾಡು ಕಲಿಯುವ ಸದುದ್ದೇಶದಿಂದಲೇ.

ಕೊನೆಗೆ ವಿಷಯ ಹಣಕಾಸು ಸಮಿತಿಗೆ ಹೋಯಿತು. ಧರ್ಮಸಭೆಯ 1983ರ ಕಾನೂನು ಸಂಹಿತೆಯ ಪ್ರಕಾರ ಪಾಲನಾ ಮಂಡಳಿ ಬೇಕೋ ಬೇಡವೋ ಎಂಬುದು ಧರ್ಮಾಧ್ಯಕ್ಷರ ತೀರ್ಮಾನಕ್ಕೆ ಬಿಟ್ಟದ್ದು. ಹಣಕಾಸು ಸಮಿತಿ ಮಾತ್ರ ಪ್ರತಿಯೊಂದು ಧರ್ಮಕೇಂದ್ರಕ್ಕೂ ಕಡ್ಡಾಯ. ಇದನ್ನು ಬರೆದವರು ಎಂದಾದರೂ ಲೆಕ್ಕದ ಪುಸ್ತಕ ಮುಟ್ಟಿದವರೇ ಇರಬೇಕೆಂದು ನನಗೆ ಅವರ ಮೇಲೆ ಗೌರವವಿದೆ. ಸೊತ್ತುಗಳ ಪಟ್ಟಿಯಿಂದ ಸೌಟಿನ ಹೆಸರು ಹೊಡೆದುಹಾಕಲು ಠರಾವು ಬೇಕು, ಠರಾವಿಗೆ ಸೂಚಕರು ಬೇಕು, ಅನುಮೋದಕರು ಬೇಕು. ಸೂಚಿಸಿದವನೇ ಕದ್ದವನೆಂದಾದೀತು ಎಂಬ ಭಯದಿಂದ ಯಾರೂ ಸೂಚಿಸಲಿಲ್ಲ. ಇಂದಿಗೂ ಆ ಪಟ್ಟಿಯಲ್ಲಿ ‘ಹಿತ್ತಾಳೆ ಸೌಟು, ದೊಡ್ಡದು, 1’ ಎಂದೇ ಇದೆ.

ಹೊಸ ಸೌಟನ್ನು ದಾನಿಯೊಬ್ಬರು ಕೊಟ್ಟರು. ಅವರ ಹೆಸರನ್ನು ಮೂರು ಭಾನುವಾರ ಓದಿ ಮೂರು ಸಲವೂ ಚಪ್ಪಾಳೆ ತಟ್ಟಿಸಿದರು. ಅದು ಸ್ಟೀಲಿನದು, ಹಿಡಿ ಟೊಳ್ಳು, ಕಡಾಯಿಯಲ್ಲಿ ಎರಡು ಸುತ್ತು ತಿರುವುವುದರೊಳಗೆ ಕೈ ಸುಡುತ್ತದೆ. ಪಕ್ಕದ ಊರಿನಿಂದ ಬರುವ ನಮ್ಮ ಅಡುಗೆಯವರು ತುಳುವರು. ‘ಪೊರ್ಬುಗಳೇ, ಇದರಲ್ಲಿ ಬೆಲ್ಲ ತಳ ಹಿಡಿಯುವುದು ಗೊತ್ತೇ ಆಗುವುದಿಲ್ಲ’ ಎಂದು ಪ್ರತಿ ವರ್ಷ ನನ್ನ ಬಳಿಯೇ ಏಕೆ ಹೇಳುತ್ತಾರೋ ನನಗೆ ಅರ್ಥವಾಗಿಲ್ಲ.

ನಡುವೆ ಒಂದು ವರ್ಷ ಸಹಾಯಕ ಗುರುಗಳೊಬ್ಬರು ಬಂದರು. ಯುವಕರು, ಚುರುಕಿನವರು. ಪ್ರಕಟಣೆಗಳನ್ನೆಲ್ಲ ವಾಟ್ಸಾಪ್ ಗುಂಪಿಗೆ ಹಾಕಿದ್ದೇವೆ, ದಯಮಾಡಿ ಓದಿಕೊಳ್ಳಿ ಎಂದು ಒಂದೇ ವಾಕ್ಯದಲ್ಲಿ ಮುಗಿಸಿ ಆಶೀರ್ವಾದಕ್ಕೆ ಕೈ ಎತ್ತಿಬಿಡುತ್ತಿದ್ದರು. ರೋಮಿನ ಸೂಚನೆ ಅಕ್ಷರಶಃ ಪಾಲನೆಯಾಗುವುದನ್ನು ನಾನು ಕಂಡದ್ದು ಆಗ ಮಾತ್ರ. ಆ ದಿನಗಳಲ್ಲಿ ನಮಗೆ ಬಂಗುಡೆ ಸಿಗುತ್ತಿತ್ತು. ಆದರೆ ನಾಲ್ಕು ವಾರ ಕಳೆಯುವುದರೊಳಗೆ ದೂರುಗಳು ಹೊರಟವು: ಸರದಿ ತಿಳಿಯಲಿಲ್ಲ, ಸಭೆ ತಿಳಿಯಲಿಲ್ಲ, ಯಾರೋ ತೀರಿಕೊಂಡದ್ದೇ ತಿಳಿಯಲಿಲ್ಲ ಎಂದು. ದೂರಿನ ಕಾಗದಕ್ಕೆ ಸಹಿ ಹಾಕಿದವರಲ್ಲಿ ನನ್ನ ಹೆಸರು ಎರಡನೆಯದು. ಮೀನು ಸಿಗುತ್ತಿದ್ದರೂ ನಾನೇಕೆ ಸಹಿ ಹಾಕಿದೆ ಎಂಬುದನ್ನು ವಿಚಾರ ಮಾಡಿ ಬರೆಯಬೇಕೆಂದೇ ಈ ಹೊತ್ತು ಲೇಖನಿ ಹಿಡಿದಿದ್ದೆ. ಸೌಟು ಅಡ್ಡ ಬಂತು.

ಕಳೆದ ಭಾನುವಾರದ ಇಪ್ಪತ್ತೊಂದು ನಿಮಿಷಗಳ ಕೊನೆಯ ಪ್ರಕಟಣೆ ನಮಗೇ ಸಂಬಂಧಿಸಿದ್ದು. ಬರುವ ಶನಿವಾರ ಇಗರ್ಜಿ ಶುಚಿಗೊಳಿಸುವ ಸರದಿ ನಮ್ಮ ವಾಳೆಯದು. ಬೆಂಚು ಒರೆಸುವ ಹಳೆಯ ಬಟ್ಟೆಯನ್ನು ಅವರವರೇ ತರಬೇಕು, ಬಕೆಟು ಇಗರ್ಜಿಯಲ್ಲಿದೆ, ಕೆಲಸ ಮುಗಿದ ಮೇಲೆ ಅದನ್ನು ಅಲ್ಲಿಯೇ ಇಟ್ಟು ಹೋಗಬೇಕು. ‘ಅಲ್ಲಿಯೇ’ ಎನ್ನುವಾಗ ವಿಗಾರರು ಕಾಗದದಿಂದ ತಲೆ ಎತ್ತಿ ನಾಲ್ಕನೆಯ ಬೆಂಚಿನ ಕಡೆ ನೋಡಿದರೆಂದು ನನಗನ್ನಿಸಿತು. ಈ ವಿಗಾರರು ಸೌಟಿನ ಕಾಲದವರಲ್ಲ, ಯಾರೋ ಹೇಳಿರಬೇಕು. ಸೇರಬೇಕಾದದ್ದು ಮೂರು ಗಂಟೆಗೋ ಮೂರೂವರೆಗೋ ಎಂಬುದು ಹಿಂದಿನ ಬೆಂಚಿನವರ ಕೆಮ್ಮಿನಲ್ಲಿ ಕೇಳಿಸಲಿಲ್ಲ. ವಾಳೆಯ ಮುಖಂಡರಾದ ಗುರ್ಕಾರರಿಗೆ ಫೋನ್ ಮಾಡಿ ವಿಚಾರಿಸಬೇಕು.